ಅರಿವಳಿಕೆ ಡಾಕ್ಟರನ್ನು ಬೇರೆ ಕಡೆ ಕಳಿಸಬೇಡಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜಮಖಂಡಿಯಲ್ಲಿ ಔಷಧಿ ಅಂಗಡಿ ನಡೆಸುವವನು ನಾನು. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿದ್ದಾಗ ಊರಲ್ಲಿ ತೆರೆದಿದ್ದ ಕೆಲವೇ ಬಾಗಿಲುಗಳಲ್ಲಿ ನಮ್ಮದೂ ಒಂದು. ಕೊರೊನಾದಿಂದ ಸತ್ತವರ ಲೆಕ್ಕ ದಿನಾ ಸಂಜೆಯ ಬುಲೆಟಿನ್‌ನಲ್ಲಿ ಬರುತ್ತಿತ್ತು. ಕೊರೊನಾ ಇಲ್ಲದೆಯೂ ಆಗ ಚಿಕಿತ್ಸೆ ಸಿಗದೆ ಒದ್ದಾಡಿದವರು ಯಾವ ಬುಲೆಟಿನ್‌ನಲ್ಲೂ ಬರಲಿಲ್ಲ.

ಅವರ ಪೈಕಿ ಅಪೆಂಡಿಕ್ಸ್ ಬಾತವರನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಕಣ್ಣಿನ ಪೊರೆಯ ಆಪರೇಷನ್ನನ್ನು ಆರು ತಿಂಗಳು ಮುಂದೆ ಹಾಕಬಹುದು, ಹಾಕಿದರು ಕೂಡ. ಅಪೆಂಡಿಕ್ಸಿಗೆ ಆ ತಾಳ್ಮೆ ಇಲ್ಲ. ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ತಾಸಿನಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ. ಊಟ ಸೇರುವುದಿಲ್ಲ, ವಾಂತಿಯಾಗುತ್ತದೆ, ಮೈ ಬೆಚ್ಚಗಾಗುತ್ತದೆ. ಒಂದೂವರೆ ದಿನ ದಾಟಿತೆಂದರೆ ಒಡೆಯುವ ಅಪಾಯ ಏರುತ್ತ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ತೆಗೆದರೆ ಎರಡು ಮೂರು ದಿನದಲ್ಲಿ ಮನೆ ಸೇರುವ ಕಾಯಿಲೆ. ಒಡೆದು ಕೀವು ಹೊಟ್ಟೆಯೊಳಗೆ ಹರಡಿದರೆ ಜೀವಕ್ಕೇ ಎರವು.

ಆ ಮೈ ಬೆಚ್ಚಗಾಗುವುದೇ ನಮ್ಮ ಜನಕ್ಕೆ ಮುಳುವಾಯಿತು. ಜ್ವರದ ಗುಳಿಗೆ ಒಯ್ಯುವವರ ಹೆಸರು, ಫೋನ್ ನಂಬರು ಬರೆದುಕೊಳ್ಳಬೇಕೆಂದು ನಮಗೆ ಸೂಚನೆ ಬಂದಿತ್ತು. ಅದರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಕೌಂಟರಿನ ಆಚೆ ನಿಂತವರು ಜ್ವರದ ಮಾತನ್ನೇ ಆಡದಾದರು. ‘ಹೊಟ್ಟಿ ಕಡಿಯಾಕತ್ತೈತ್ರೀ, ಗ್ಯಾಸಿಂದ ಏನರ ಕೊಡ್ರಿ’ ಎನ್ನುವರು. ಜ್ವರ ಐತೇನು ಎಂದರೆ ಇಲ್ಲ ಎನ್ನುವರು. ದವಾಖಾನೆಗೆ ಹೋಗು ಎಂದರೆ ‘ಕೊರೊನಾ ಅಂತ ಒಯ್ದು ಇಟ್ಟುಬಿಡ್ತಾರ್ರೀ’ ಎಂಬ ಉತ್ತರ. ಹಳ್ಳಿಗಳಲ್ಲಿ ಬಟ್ಟಿ ಸರಿದಿದೆ ಎಂದು ಹೊಟ್ಟೆ ತಿಕ್ಕಿಸಿಕೊಂಡವರೂ ಇದ್ದರು. ಬಾತ ಅಪೆಂಡಿಕ್ಸಿನ ಮೇಲೆ ತಿಕ್ಕಿದರೆ ಏನಾದೀತೆಂದು ನಿಮಗೆ ಹೇಳಬೇಕಿಲ್ಲ.

ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ನದಿದಂಡೆಯ ಹಳ್ಳಿ, ಹೈಸ್ಕೂಲಿನ ವಯಸ್ಸು. ಅವನ ತಂದೆ ಪೊಲೀಸರ ಕಣ್ಣು ತಪ್ಪಿಸಿ ಕಬ್ಬಿನ ಹೊಲದ ದಾರಿಯಲ್ಲಿ ಬೈಕ್ ಹೊಡೆದುಕೊಂಡು ಗುಳಿಗೆಗೆ ಬಂದಿದ್ದ. ಮಗನನ್ನು ಡಾಕ್ಟರಿಗೆ ತೋರಿಸೆಂದು ಹೇಳಿ ಕಳಿಸಿದೆ. ಮರುದಿನ ಫೋನ್ ಮಾಡಿದಾಗ ಅವನ ದನಿಯಲ್ಲಿ ಖುಷಿ: ‘ಬ್ಯಾನಿ ಇಳದೈತ್ರೀ, ಮಲಗ್ಯಾನ.’ ಅಪೆಂಡಿಕ್ಸ್ ಒಡೆದಾಗ ಒಳಗಿನ ಬಿಗಿತ ಬಿಟ್ಟು ನೋವು ಕೆಲವು ತಾಸು ಇಳಿದಂತೆ ಕಾಣುವುದುಂಟು. ಆ ಸಮಾಧಾನದಷ್ಟು ಮೋಸಗಾರ ಲಕ್ಷಣ ಇನ್ನೊಂದಿಲ್ಲ. ರಾತ್ರಿ ಹೊಟ್ಟೆ ಹಲಗೆಯಂತೆ ಬಿರುಸಾಯಿತು. ಮೊದಲು ಹೋದ ಕಡೆ, ಕೊರೊನಾ ರಿಪೋರ್ಟ್ ಬಂದ ಮೇಲೆ ನೋಡೋಣ ಎಂದರು. ಎರಡನೆಯ ಕಡೆ ಅರಿವಳಿಕೆ ಡಾಕ್ಟರು ಕೋವಿಡ್ ಡ್ಯೂಟಿಗೆ ಹೋಗಿದ್ದರು. ಕೊನೆಗೆ ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕೀವು ಇಳಿಯಲು ಹೊಟ್ಟೆಗೆ ನಳಿಕೆ ಹಾಕಿಸಿಕೊಂಡು ವಾರಗಟ್ಟಲೆ ಮಲಗಿದ. ಪುಣ್ಯಕ್ಕೆ ಉಳಿದ. ಬಿಲ್ಲಿನಲ್ಲಿ ಪಿಪಿಇ ಕಿಟ್‌ಗಳಿಗೇ ಬೇರೆ ಸಾಲು ಇತ್ತು.

ರಿಪೋರ್ಟಿಗೆ ಕಾಯಿಸಿದ್ದು ನಿಯಮವೂ ಆಗಿರಲಿಲ್ಲ. ಪರೀಕ್ಷೆ ಆಗಿಲ್ಲವೆಂಬ ಕಾರಣಕ್ಕೆ ಹೆರಿಗೆಯೂ ಸೇರಿ ಯಾವ ತುರ್ತು ಚಿಕಿತ್ಸೆಯೂ ತಡವಾಗಬಾರದೆಂದು ಐಸಿಎಂಆರ್ 2020ರ ಮೇ 18ರ ಮಾರ್ಗಸೂಚಿಯಲ್ಲೇ ಸ್ಪಷ್ಟವಾಗಿ ಹೇಳಿತ್ತು. ಆ ಸಾಲು ದೆಹಲಿಯಿಂದ ಹೊರಟಿತು. ಆಸ್ಪತ್ರೆಯ ಬಾಗಿಲಲ್ಲಿ ಕೂತ ಸಿಬ್ಬಂದಿಯವರೆಗೆ ಬರಲಿಲ್ಲ.

ಇದು ಜಮಖಂಡಿಯೊಂದರ ಕಥೆಯಲ್ಲ. ಆ ವರ್ಷ ಹಲವು ದೇಶಗಳ ವೈದ್ಯರು ಕಂಡದ್ದು ಇದನ್ನೇ: ಅಪೆಂಡಿಕ್ಸ್ ಎಂದು ಆಸ್ಪತ್ರೆಗೆ ಬರುವವರು ಕಡಿಮೆಯಾದರು, ಬಂದವರಲ್ಲಿ ಒಡೆದ ಸ್ಥಿತಿಯಲ್ಲಿ ಬಂದವರ ಪಾಲು ಹೆಚ್ಚಾಯಿತು. ಆಪರೇಷನ್ ಬೇಡ, ಆ್ಯಂಟಿಬಯೋಟಿಕ್ ಸಾಕು ಎಂಬ ಮಾತೂ ಆಗ ಜೋರಾಯಿತು. 2020ರ ಅಕ್ಟೋಬರಿನಲ್ಲಿ ಪ್ರಕಟವಾದ ಅಮೆರಿಕದ ‘ಕೋಡಾ’ ಅಧ್ಯಯನ 1,552 ರೋಗಿಗಳನ್ನು ನೋಡಿ, ಔಷಧಿಯಲ್ಲೂ ಗುಣವಾಗುವುದುಂಟು ಎಂದಿತು. ಆದರೆ ಔಷಧಿ ಪಡೆದವರಲ್ಲಿ ನೂರಕ್ಕೆ 29 ಮಂದಿಗೆ 90 ದಿನದೊಳಗೆ ಆಪರೇಷನ್ ಬೇಕೇ ಆಯಿತು. ಒಳಗೆ ಹರಳು ಇದ್ದವರಲ್ಲಿ ಆ ಸಂಖ್ಯೆ 41. ಸ್ಕ್ಯಾನಿಂಗ್ ಇರುವ, ಕರೆದ ಕೂಡಲೇ ಸರ್ಜನ್ ಬರುವ ಊರಿನ ಮಾತು ಅದು. ಬೀಳಗಿಯ ಹಳ್ಳಿಯಲ್ಲಿ ಗುಳಿಗೆ ನುಂಗಿ ಕಾಯುವುದಕ್ಕೆ ಅದು ಸಮರ್ಥನೆಯಾಗದು.

ನಮ್ಮ ಭಾಗದ ದಾರಿಗಳನ್ನೂ ನೋಡಿ. ಬಾಗಲಕೋಟೆ ಇರಲಿ, ವಿಜಯಪುರ ಇರಲಿ, ಜಮಖಂಡಿಯಿಂದ ಒಂದು ತಾಸಿಗೆ ಕಡಿಮೆ ಇಲ್ಲ. ರಬಕವಿ–ಬನಹಟ್ಟಿ, ತೇರದಾಳದ ಕಡೆಯವರಿಗೆ ಆಪರೇಷನ್ ಎಂದರೆ ಮಿರಜ್. 1894ರಲ್ಲಿ ಡಾ. ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದ ಮೇಲೆ ತಲೆಮಾರುಗಳಿಂದ ನಡೆದು ಬಂದ ರೂಢಿ ಇದು. 2020ರ ಏಪ್ರಿಲಿನಲ್ಲಿ ಆ ದಾರಿಯ ಕುಡಚಿ ಸೀಲ್‌ಡೌನ್ ಆಯಿತು, ಅದರಾಚೆ ರಾಜ್ಯದ ಗಡಿಗೆ ಚೆಕ್‌ಪೋಸ್ಟ್ ಬಿತ್ತು. ಮಗ್ಗ ನಿಂತು ಕೈಯಲ್ಲಿ ದುಡ್ಡಿಲ್ಲದ ನೇಕಾರನಿಗೆ ದಾರಿಯೂ ಇಲ್ಲದಾಯಿತು. ಕಾಸರಗೋಡಿನ ಕನ್ನಡಿಗರು ಇದನ್ನು ಇನ್ನೂ ಕಠೋರವಾಗಿ ಉಂಡವರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಅವರಿಗೆ ತಲಪಾಡಿಯ ರಸ್ತೆ ಬಂದ್ ಆಗಿ, ಕೊನೆಗೆ ಕೇರಳ ಹೈಕೋರ್ಟ್ 2020ರ ಏಪ್ರಿಲ್ 1ರಂದು ತಡೆ ತೆರವು ಮಾಡಿಸಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. ರೋಗಿಯ ಕಡೆಯವರು ಕೋರ್ಟಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿರುತ್ತದೆ.

ಈಗ ಅರಿವಳಿಕೆಯ ವಿಚಾರ. ಈ ಪತ್ರ ಬರೆದದ್ದೇ ಅದಕ್ಕೆ. ತಾಲ್ಲೂಕು ಆಸ್ಪತ್ರೆಗೆ ಅರಿವಳಿಕೆ ತಜ್ಞರ ಹುದ್ದೆ ಸಾಮಾನ್ಯವಾಗಿ ಒಂದೇ. ಸಿಸೇರಿಯನ್ನಿಗೂ ಅವರೇ, ಅಪಘಾತದ ಗಾಯಾಳುವಿಗೂ ಅವರೇ, ಅಪೆಂಡಿಕ್ಸಿಗೂ ಅವರೇ. ವೆಂಟಿಲೇಟರ್ ಹಾಕಬಲ್ಲವರೂ ಅವರೇ ಆದ್ದರಿಂದ ಸಾಂಕ್ರಾಮಿಕ ಬಂದಾಗ ಮೊದಲು ಎತ್ತಿ ಹಾಕುವುದು ಅವರನ್ನೇ. ಸರ್ಜನ್ ಇರುತ್ತಾರೆ, ಥಿಯೇಟರ್ ಇರುತ್ತದೆ, ಆಪರೇಷನ್ ಮಾತ್ರ ಆಗುವುದಿಲ್ಲ. 2021ರ ಎರಡನೇ ಅಲೆಯಲ್ಲಿ ಆಕ್ಸಿಜನ್ನಿಗೂ ಇದೇ ಗತಿ ಬಂತು. ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಹಾಕಿ, ಕೈಯಾರೆ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದ ಸೀಮೆ ನಮ್ಮದು. ಅರಿವಳಿಕೆ ಡಾಕ್ಟರನ್ನು ಶ್ರಮದಾನದಿಂದ ತರಲಾಗದು ಸ್ವಾಮಿ, ಅದು ನಿಮ್ಮಿಂದಲೇ ಆಗಬೇಕು.

ಕೊಯ್ನಾದಿಂದ ನೀರು ಬಿಟ್ಟರೆ ಹಿಪ್ಪರಗಿಗೆ ಯಾವಾಗ ಬರುತ್ತದೆ, ಯಾವ ಹಳ್ಳಿ ಖಾಲಿ ಮಾಡಿಸಬೇಕು, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ಎಂಬ ಪಟ್ಟಿ ಮಳೆಗಾಲಕ್ಕೆ ಮೊದಲೇ ನಿಮ್ಮ ಮೇಜಿನ ಮೇಲಿರುತ್ತದೆ. ತುರ್ತು ಶಸ್ತ್ರಚಿಕಿತ್ಸೆಗೂ ಅಂಥದೊಂದು ಪಟ್ಟಿ ಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ನಾಲ್ಕಕ್ಕೂ ಸೇರಿ ಹಗಲು ರಾತ್ರಿ ನಡೆಯುವ ಒಂದು ಥಿಯೇಟರನ್ನು ಇವತ್ತೇ ಗೊತ್ತುಮಾಡಿ. ಎಂಥ ಅಲೆ ಬಂದರೂ ಅಲ್ಲಿನ ಸರ್ಜನ್ನು, ಅರಿವಳಿಕೆ ತಜ್ಞರು, ನರ್ಸುಗಳನ್ನು ಬೇರೆ ಡ್ಯೂಟಿಗೆ ಹಾಕಕೂಡದು. ಅದರ ಆಕ್ಸಿಜನ್ ಪಾಲಿಗೆ ಯಾರೂ ಕೈ ಹಾಕಕೂಡದು. ಸೋಂಕಿತ ಬಂದರೂ ಆಪರೇಷನ್ ಅಲ್ಲೇ ಆಗಲಿ, ರಿಪೋರ್ಟ್ ಆಮೇಲೆ ಬರಲಿ. ರೋಗಿ ಇದ್ದ 108 ಆಂಬುಲೆನ್ಸನ್ನು ಯಾವ ಚೆಕ್‌ಪೋಸ್ಟಿನಲ್ಲೂ ನಿಲ್ಲಿಸಬಾರದೆಂದು ಸಾಂಗ್ಲಿ, ಬೆಳಗಾವಿ, ವಿಜಯಪುರದ ಜಿಲ್ಲಾಡಳಿತಗಳ ಜೊತೆ ಮೊದಲೇ ಮಾತಾಗಿರಲಿ. ಮಾಸ್ಕ್ ಹಾಕಿ ಎಂದು ಹಳ್ಳಿ ಹಳ್ಳಿ ಸುತ್ತಿದ ಮೈಕಿನ ಗಾಡಿ, ಬಲಗಡೆ ಹೊಟ್ಟೆನೋವಿದ್ದರೆ ಮನೆಯಲ್ಲಿ ಕೂರಬೇಡಿ ಎಂದೂ ಕೂಗಲಿ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಅಧ್ಯಕ್ಷರು ನೀವು. ಜಿಲ್ಲಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಈ ಸಲದ ಪರಿಷ್ಕರಣೆಯಲ್ಲಿ ಆ ಥಿಯೇಟರ್ ಯಾವುದು, ಅರಿವಳಿಕೆ ತಜ್ಞರು ಯಾರು ಎಂದು ಬರೆಯಿಸಿ, ಅದನ್ನು ನಾಲ್ಕೂ ತಾಲ್ಲೂಕು ಕಚೇರಿಗಳ ಫಲಕಕ್ಕೆ ಹಚ್ಚಿಸಿ. ನಮ್ಮ ಅಂಗಡಿಯ ಗೋಡೆಗೂ ಒಂದು ಪ್ರತಿ ಕಳಿಸಿಕೊಡಿ.

ಇತಿ ನಮಸ್ಕಾರಗಳೊಂದಿಗೆ,
ಜಮಖಂಡಿಯ ಒಬ್ಬ ಔಷಧಿ ವ್ಯಾಪಾರಿ