ಬೆಂಗಳೂರು ಕೋಟೆ ಬಿದ್ದ ರಾತ್ರಿ

ನೆರವು ಸಮೀಪದಲ್ಲಿರುವುದು ಬೇರೆ, ಹೊತ್ತಿಗೆ ಒದಗುವುದು ಬೇರೆ. 1791ನೆಯ ಇಸವಿ ಮಾರ್ಚಿ 7ರಂದು ಕಾರ್ನ್‌ವಾಲೀಸನು ಬೆಂಗಳೂರು ಪೇಟೆಯನ್ನು ಹಿಡಿದು ಕೋಟೆಗೆ ಮುತ್ತಿಗೆ ಹಾಕಿದನು. ಒಳಗೆ ಕಿಲ್ಲೇದಾರ ಬಹಾದೂರ್ ಖಾನನು. ಹೊರಗೆ, ಕೆಂಗೇರಿಯ ಕಡೆ, ಟಿಪ್ಪು ಸುಲ್ತಾನನ ದಂಡು. ಆದರೂ 21ರ ಬೆಳುದಿಂಗಳ ರಾತ್ರಿ ಫಿರಂಗಿಗಳು ಒಡೆದ ಕಂಡಿಯಿಂದ ಇಂಗ್ಲಿಷರ ಸೈನ್ಯವು ಒಳನುಗ್ಗಿತು. ಖಾನನು ಹಿಮ್ಮೆಟ್ಟದೆ ಕಾದಿ ಮಡಿದನು. ಆ ಕೋಟೆಯೇ ಶತ್ರುವಿಗೆ ಉಗ್ರಾಣವಾಯಿತು. 1792ರ ಶ್ರೀರಂಗಪಟ್ಟಣದ ಒಡಂಬಡಿಕೆಯಿಂದ ಸುಲ್ತಾನನು ಅರ್ಧ ರಾಜ್ಯವನ್ನು ಕಳೆದುಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ಕೋಟೆಗೋಡೆಯಲ್ಲಿ ಆ ಕಂಡಿಯ ಸ್ಥಳವನ್ನು ಸೂಚಿಸುವ ಫಲಕವುಂಟು. ಅದರಲ್ಲಿರುವುದು ಮುತ್ತಿದವರ ಮಾತು ಮಾತ್ರ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ, ಕಾದವನ ಹೆಸರನ್ನು ನಾವೇ ಹೇಳಬೇಕು.