ಮೇಲಿನ ಪಂಕ್ತಿ, ಕೆಳಗಿನ ಪಂಕ್ತಿ

ಚೌತಿಯ ಮರುದಿನ ದುಂಡಸಿಯ ನಮ್ಮ ಮನೆಗೆ ಹಳೆಯ ಶಿಷ್ಯರೊಬ್ಬರು ಬಂದು ಕಟ್ಟೆಯ ಮೇಲೆ ಕುಳಿತರು. ಮುಖವು ಬಾಡಿದ್ದಿತು. “ಗುರುಗಳ, ಮಗಾ ಫಿಜಿಕ್ಸ್ ಓದಾಕ ಅಮೇರಿಕಾಕ್ಕ ಹೋದ. ಹೋದ ನಾಕ ದಿನದಾಗ ಪರೀಕ್ಷಾ ಇಟ್ಟು ಅವನ್ನ ಕೆಳಗಿನ ವರ್ಗಕ್ಕ ಹಾಕ್ಯಾರಂತ್ರಿ. ನಾಚಿಕಿಯಾಗಿ, ಊರಿಗೆ ಬಂದಬಿಡತೇನಿ ಅಂತಾನ,” ಎಂದರು.

ವಾಚಕರೇ, ಪರೀಕ್ಷೆಗಳಲ್ಲಿ ಎರಡು ಬಗೆಯುಂಟು. ನಮ್ಮಲ್ಲಿ ಎಂ.ಎಸ್‌ಸಿ.ಗೆ ‘ಜಾಮ್’, ಭೌತವಿಜ್ಞಾನದ ಸಂಶೋಧನೆಗೆ ‘ಜೆಸ್ಟ್’ ಎಂಬ ಪರೀಕ್ಷೆಗಳಿರುವುವು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಲೂ ಇಂಥವು ಬೇಕು. ಇವು ದ್ವಾರಪಾಲಕರಂತೆ; ಯಾರನ್ನು ಒಳಗೆ ಬಿಡಬೇಕೆಂಬುದನ್ನು ನೋಡುವುವು. ಅಮೇರಿಕೆಯ ಹಲವು ವಿಶ್ವವಿದ್ಯಾಲಯಗಳು ಒಳಗೆ ಬಂದವರಿಗೆ ಪಾಠಾರಂಭದ ಮುನ್ನ ಇಡುವ ಪರೀಕ್ಷೆಯು ಬೇರೆ. ಚಲನಶಾಸ್ತ್ರ, ವಿದ್ಯುತ್ಕಾಂತಶಾಸ್ತ್ರ, ಕ್ವಾಂಟಮ್ ಶಾಸ್ತ್ರ, ಉಷ್ಣಶಾಸ್ತ್ರ ಮೊದಲಾದವುಗಳಲ್ಲಿ ಯಾವನ ತಳಹದಿಯು ಎಲ್ಲಿ ಸಡಿಲವಾಗಿದೆಯೆಂದು ಅರಿತು, ಅವನು ಎಲ್ಲಿಂದ ಓದತೊಡಗಬೇಕೆಂಬುದನ್ನು ಅದು ನಿಶ್ಚಯಿಸುವುದು. ಅದರಲ್ಲಿ ಯಾರನ್ನೂ ಹೊರದೂಡುವ ಉದ್ದೇಶವಿಲ್ಲ. ನಾನಾ ದೇಶಗಳಿಂದ ಬಂದವರ ಪದವಿಯ ಹೆಸರು ಒಂದೇ ಆದರೂ ಓದಿದ ಪಾಠವು ಒಂದೇ ಆಗಿರದಷ್ಟೆ.

ವಿದ್ಯುತ್ಕಾಂತಶಾಸ್ತ್ರದಲ್ಲಿ 1962ರಲ್ಲಿ ಪ್ರಕಟವಾದ ಜ್ಯಾಕ್ಸನ್ನರ ಗ್ರಂಥವು ಪ್ರೌಢವಾದುದು. 1981ರಲ್ಲಿ ಬಂದ ಗ್ರಿಫಿತ್ಸರದು ಅದಕ್ಕೆ ಮೆಟ್ಟಲು. ನಮ್ಮ ವ್ಯಾಕರಣದಲ್ಲಿಯೂ ಇದೇ ಕ್ರಮ. ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯಲ್ಲಿ ತಡವರಿಸುವವನು ಅವರ ಶಿಷ್ಯ ವರದರಾಜರ ಲಘುಕೌಮುದಿಯಿಂದ ತೊಡಗುವನು. ಅದರಿಂದ ಅವನಿಗೆ ಅವಮಾನವೇನು?

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಲೇಬೇಕು. ನಾವು ಉಪಾಧ್ಯಾಯರಾಗಿದ್ದಾಗ ಪರವೂರಿನ ಹುಡುಗನೊಬ್ಬನನ್ನು ದಾಖಲೆಯನ್ನಷ್ಟೇ ನೋಡಿ ಒಂಬತ್ತನೆಯ ವರ್ಗದಲ್ಲಿ ಕುಳ್ಳಿರಿಸಿದೆವು. ಅವನಿಗೆ ವಿಭಕ್ತಿಗಳೇ ಬಾರದಿದ್ದುವು. ಕೇಳಲು ಅವನು ನಾಚಿದನು. ವಿಚಾರಿಸಲು ನಾವು ಮರೆತೆವು. ದೀಪಾವಳಿಯ ರಜೆಯಲ್ಲಿ ಹೋದವನು ಮರಳಿ ಬರಲಿಲ್ಲ. ಮೊದಲ ದಿನ ಅರ್ಧ ತಾಸು ಪ್ರಶ್ನಿಸಿದ್ದರೆ ಅವನ ಓದು ಉಳಿಯುತ್ತಿದ್ದಿತೇನೋ ಎಂಬ ಕೊರಗು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಇದನ್ನೆಲ್ಲ ಕೇಳಿ ಶಿಷ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಬಳಿಕ ನಮ್ಮ ಕಟ್ಟೆಯಿಂದಲೇ ಮಗನಿಗೆ ದೂರವಾಣಿ ಮಾಡಿದರು. ಅಲ್ಲಿ ಆಗ ನಡುರಾತ್ರಿ. ಆದರೂ ಹುಡುಗನು ಎಚ್ಚರವಾಗಿಯೇ ಇದ್ದನು. “ತಮ್ಮಾ, ಅವರು ಕೂಡಿಸಿದಲ್ಲೇ ಕೂಡು. ತಿಳೀಲಿಕ್ಕರ ನಾಚದ ಕೇಳು,” ಎಂದಿಷ್ಟೇ ಅವರು ಹೇಳಿದುದು.

ಗೃಹಸ್ಥರೇ, ಮಕ್ಕಳು ಪರೀಕ್ಷೆ ಮುಗಿಸಿ ಬಂದಾಗ ಪಾಸೋ ನಾಪಾಸೋ ಎಂದು ಕೇಳುವ ಮೊದಲು, ಏನು ತಿಳಿಯಲಿಲ್ಲವೆಂದು ಮೆಲ್ಲನೆ ವಿಚಾರಿಸಿರಿ.