ಪುಸ್ತಕದ ಹೆಸರಿನ ಮುಂದೆ ಬೆಲೆಯನ್ನೂ ಬರೆಯಿರಿ

ಸೆಮಿಸ್ಟರ್ ಶುರುವಾದರೆ ಕೊಪ್ಪಳ ಜಿಲ್ಲೆಯ ಗಿಣಿಗೇರಾದ ನನ್ನ ಜೆರಾಕ್ಸ್ ಅಂಗಡಿಗೆ ಪದವಿ ಓದುವ ಹುಡುಗ ಹುಡುಗಿಯರು ಮೊಬೈಲ್ ಹಿಡಿದು ಬರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಠ್ಯಕ್ರಮದ ಪ್ರಿಂಟ್ ಬೇಕಿರುತ್ತದೆ. ಪ್ರತಿ ವಿಷಯದ ಕೊನೆಗೆ ಓದಬೇಕಾದ ಪುಸ್ತಕಗಳ ಪಟ್ಟಿ. ಲೇಖಕರ ಹೆಸರಿರುತ್ತದೆ, ಪ್ರಕಾಶಕರ ಹೆಸರಿರುತ್ತದೆ, ಒಮ್ಮೊಮ್ಮೆ ಮುದ್ರಣವಾದ ಊರೂ ಇರುತ್ತದೆ. ಬೆಲೆಯನ್ನು ಮಾತ್ರ ಇಷ್ಟು ವರ್ಷಗಳಲ್ಲಿ ಒಂದು ಪಟ್ಟಿಯಲ್ಲೂ ನಾನು ಕಂಡಿಲ್ಲ.

ಪಟ್ಟಿ ಮಾಡುವವರು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯವರು. ಅದರಲ್ಲಿ ಯಾವುದನ್ನು ತಗೊಳ್ಳಬೇಕು ಎಂದು ಹೇಳುವವರು ಕ್ಲಾಸಿನ ಸರ್ ಅಥವಾ ಮೇಡಂ. ದುಡ್ಡು ಎಣಿಸುವವರು ಇಲ್ಲಿನ ಉಕ್ಕಿನ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಅಪ್ಪ, ಉದ್ಯೋಗ ಖಾತ್ರಿಗೆ ಹೋಗುವ ಅವ್ವ. ಕರ್ನಾಟಕದಲ್ಲಿ 2025-26ಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ನನ್ನ ಗಲ್ಲೆಯ ಮುಂದೆ ಬರುವ ಬಿ.ಕಾಂ. ಪುಸ್ತಕಗಳ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ವಿಷಯದ ಪುಸ್ತಕಕ್ಕೆ ಒಂದು ಇಡೀ ದಿನ ಮಣ್ಣು ಹೊರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಕೊಪ್ಪಳಕ್ಕೆ, ಹೊಸಪೇಟೆಗೆ ಕಾಲೇಜಿಗೆ ಹೋಗುವ ನಮ್ಮೂರ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿಯಿತು. ಪುಸ್ತಕದ ಖರ್ಚಿನ ಬಗ್ಗೆ ಯಾರೂ ಅಷ್ಟು ಯೋಚನೆ ಮಾಡಿದಂತಿಲ್ಲ.

ಬೆಲೆ ಪುಸ್ತಕದ ಹಿಂಬದಿಗೆ ಅಚ್ಚಾಗಿರುತ್ತದಲ್ಲ, ಮುಚ್ಚಿಡುವುದೇನು ಬಂತು ಎಂದು ಕೇಳುವವರಿದ್ದಾರೆ. ನಾನೂ ಕೆಲವು ಪುಸ್ತಕ ತರಿಸಿ ಮಾರಿದವನು, ಅದಕ್ಕೇ ಹೇಳುತ್ತೇನೆ. ಅಚ್ಚಾದ ಬೆಲೆ ಒಂದು, ಅಂಗಡಿಗೆ ಬೀಳುವ ಬೆಲೆ ಇನ್ನೊಂದು. ನಡುವಿನ ಅಂತರ ಎಷ್ಟು, ಅದರಲ್ಲಿ ವಿದ್ಯಾರ್ಥಿಗೆ ಎಷ್ಟು ಬಿಡಬೇಕು ಎಂಬುದು ಒಂದೊಂದು ಕಡೆ ಒಂದೊಂದು ಥರ. ಅದಕ್ಕಿಂತ ದೊಡ್ಡ ಮಾತೆಂದರೆ, ಹಿಂಬದಿಯ ಬೆಲೆಯನ್ನು ಹುಡುಗ ನೋಡುವುದು ಪುಸ್ತಕ ಯಾವುದೆಂದು ತೀರ್ಮಾನವಾದ ಮೇಲೆ. ನೋಡಬೇಕಾದದ್ದು ತೀರ್ಮಾನ ಮಾಡುವವರು, ಮಾಡುವ ಹೊತ್ತಿನಲ್ಲಿ.

ಹೋದ ವರ್ಷ ಅಕ್ಕ ತಮ್ಮ ಇಬ್ಬರು ಅಂಗಡಿಗೆ ಬಂದಿದ್ದರು. ಅಕ್ಕ ಓದಿದ್ದು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ. ನಮ್ಮ ರಾಜ್ಯದಲ್ಲಿ ಅದು ಶುರುವಾದದ್ದು 2021-22ರಲ್ಲಿ. 2024-25ರಿಂದ ಅದನ್ನು ಕೈಬಿಟ್ಟು ರಾಜ್ಯದ್ದೇ ಹೊಸ ಪಠ್ಯಕ್ರಮ ಬಂತು, ತಮ್ಮ ಅದಕ್ಕೆ ಸೇರಿದವನು. ಅಕ್ಕನ ಹಣಕಾಸು ಲೆಕ್ಕಶಾಸ್ತ್ರದ ಪುಸ್ತಕ ನಡೆಯುವುದಿಲ್ಲ, ಹೊಸದೇ ಬೇಕು ಎಂದು ಕಾಲೇಜಿನಲ್ಲಿ ಹೇಳಿದ್ದರಂತೆ. ಗೆಳೆಯನಿಂದ ಎರವಲು ತಂದ ಹೊಸ ಪುಸ್ತಕವನ್ನೂ ಅಕ್ಕನ ಹಳೆಯದನ್ನೂ ಗಲ್ಲೆಯ ಮೇಲೆ ಅಕ್ಕಪಕ್ಕ ತೆರೆದಿಟ್ಟು ಆ ಹುಡುಗಿ ಪರಿವಿಡಿಯ ಮೇಲೆ ಬೆರಳಾಡಿಸುತ್ತಾ ಹೋದಳು. ಸವಕಳಿ ಅಲ್ಲೂ ಇದೆ, ಇಲ್ಲೂ ಇದೆ. ಕನ್‌ಸೈನ್‌ಮೆಂಟ್ ಮೂರನೆಯದಿದ್ದದ್ದು ಎರಡನೆಯದಾಗಿದೆ. ರಾಯಲ್ಟಿಯ ಲೆಕ್ಕಗಳಲ್ಲಿ ಇಸವಿ ಬದಲಾಗಿದೆ, ಮೊತ್ತ ಹಾಗೇ ಇದೆ. ನಿಜಕ್ಕೂ ಹೊಸದು ಅಂತ ಸಿಕ್ಕಿದ್ದು ಕೊನೆಯ ಒಂದು ಅಧ್ಯಾಯ. ಅದನ್ನಷ್ಟೇ ಪ್ರತಿ ಮಾಡಿಸಿಕೊಂಡು ಹೋದರು. ಡೆಬಿಟ್ ಕ್ರೆಡಿಟ್ಟಿನ ನಿಯಮ ಸರ್ಕಾರದ ನೀತಿಯ ಜೊತೆ ಬದಲಾಗುವುದಿಲ್ಲ ಎಂದು ಆ ಹುಡುಗನಿಗೆ ಅಕ್ಕನಿಗಿಂತ ಮೊದಲು ಅವನ ಕಾಲೇಜು ಹೇಳಬೇಕಿತ್ತು.

ನಮ್ಮ ಜಿಲ್ಲೆಯಲ್ಲಿ ಇದರ ಮೇಲೆ ಇನ್ನೊಂದು ಹೊರೆ. 2010ರವರೆಗೆ ಇಲ್ಲಿನ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಆಮೇಲೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಈಗ ನಮ್ಮದೇ ಕೊಪ್ಪಳ ವಿಶ್ವವಿದ್ಯಾಲಯ. ಜಿಲ್ಲೆಗೊಂದು ವಿಶ್ವವಿದ್ಯಾಲಯ ಬಂದದ್ದು ಒಳ್ಳೆಯದೇ, ಅದು ಉಳಿದು ಬೆಳೆಯಬೇಕು. ಆದರೆ ವಿಶ್ವವಿದ್ಯಾಲಯ ಬದಲಾದಾಗಲೆಲ್ಲ ರಕ್ಷಾಪುಟದ ಮೇಲಿನ ಹೆಸರೂ ಬದಲಾಗುತ್ತದೆ, ಹಳೆಯ ಹೆಸರಿನ ಪುಸ್ತಕವನ್ನು ಸೆಕೆಂಡ್‌ಹ್ಯಾಂಡಿಗೂ ಯಾರೂ ಕೇಳುವುದಿಲ್ಲ.

ಉಪನ್ಯಾಸಕರನ್ನು ದೂರುವುದು ನನ್ನ ಉದ್ದೇಶವಲ್ಲ. ಯಾವ ಪುಸ್ತಕದಿಂದ ಪಾಠ ಮಾಡಬೇಕು ಎಂಬುದು ಪಾಠ ಮಾಡುವವರ ಕೈಯಲ್ಲೇ ಇರಬೇಕು. ಅದನ್ನು ಆಡಳಿತ ಮಂಡಳಿಯೋ ಪ್ರಕಾಶಕರ ಏಜೆಂಟರೋ ನಿರ್ಧರಿಸುವಂತಾದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಯಾವ ಪುಸ್ತಕ ತಿಳಿಯುತ್ತದೆ, ಯಾವುದು ತಲೆಯ ಮೇಲೆ ಹಾದು ಹೋಗುತ್ತದೆ ಎಂದು ಗೊತ್ತಿರುವುದು ಆ ಕ್ಲಾಸಿನಲ್ಲಿ ನಿಂತವರಿಗೆ. ಆದರೆ ಪ್ರಕಾಶಕರು ಅವರಿಗೆ ಪುಸ್ತಕವನ್ನು ಗೌರವಪ್ರತಿಯಾಗಿ, 'ಮಾರಾಟಕ್ಕಲ್ಲ' ಎಂಬ ಮುದ್ರೆ ಒತ್ತಿ ಪುಕ್ಕಟೆ ಕೊಡುತ್ತಾರೆ. ಪುಕ್ಕಟೆ ಬಂದ ಪುಸ್ತಕದ ಬೆಲೆ ಎಂಥ ಒಳ್ಳೆಯ ಮೇಷ್ಟ್ರ ಕಣ್ಣಿಗೂ ಬೀಳುವುದು ಕಷ್ಟ.

ಅಮೆರಿಕದಲ್ಲಿ ಇದನ್ನು ಕಾನೂನಿನಿಂದಲೇ ಸರಿಪಡಿಸಲು ಹೊರಟರು. 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆಯಂತೆ, 2010ರ ಜುಲೈನಿಂದ ಪ್ರಕಾಶಕರು ಪ್ರಾಧ್ಯಾಪಕರ ಬಳಿ ಪುಸ್ತಕ ತಂದಾಗ ಅದರ ಬೆಲೆಯನ್ನೂ, ಹಿಂದಿನ ಆವೃತ್ತಿಗೂ ಇದಕ್ಕೂ ಏನು ವ್ಯತ್ಯಾಸ ಎಂಬುದನ್ನೂ ತಿಳಿಸಬೇಕು. ಆ ಎರಡನೆಯ ಮಾತು ಇಲ್ಲಿ ಜಾರಿಯಲ್ಲಿದ್ದಿದ್ದರೆ ಆ ಅಕ್ಕ ತಮ್ಮ ನನ್ನ ಗಲ್ಲೆಯ ಮೇಲೆ ಪರಿವಿಡಿ ಹೋಲಿಸಿ ನೋಡಬೇಕಿರಲಿಲ್ಲ.

ನಮ್ಮ ದೇಶದ್ದೇ ಒಂದು ಪ್ರಕರಣ ಜೆರಾಕ್ಸ್ ಅಂಗಡಿಯವನಾದ ನನಗೆ ಇನ್ನೂ ಹತ್ತಿರದ್ದು. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ಮೊಕದ್ದಮೆ ಹೂಡಿದರು. ಪ್ರಾಧ್ಯಾಪಕರು ಹೇಳಿದ ಅಧ್ಯಾಯಗಳನ್ನು ಬೇರೆಬೇರೆ ಪುಸ್ತಕಗಳಿಂದ ಪ್ರತಿ ಮಾಡಿ, ಒಂದು ಕಟ್ಟು ಮಾಡಿ ಕೊಡುತ್ತಿದ್ದ ಅಂಗಡಿ ಅದು. ಬೋಧನೆಯ ಸಲುವಾಗಿ ಹಾಗೆ ಪ್ರತಿ ಮಾಡುವುದಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ ಎಂದು ದೆಹಲಿ ಹೈಕೋರ್ಟ್ 2016ರ ಸೆಪ್ಟೆಂಬರ್ 16ರಂದು ಹೇಳಿತು. ಮರುವರ್ಷ ಪ್ರಕಾಶಕರೇ ಹಿಂದೆ ಸರಿದರು. ಇಡೀ ಪುಸ್ತಕವನ್ನು ಕದ್ದು ಅಚ್ಚು ಹಾಕಿ ಮಾರಬಹುದು ಎಂದು ಇದರ ಅರ್ಥವಲ್ಲ, ಬರೆದವರಿಗೂ ಬದುಕಿದೆ. ಬೇಕಾದ ಭಾಗಗಳನ್ನು ಆರಿಸಿ ಕೊಡುವ ಹಾದಿ ಉಪನ್ಯಾಸಕರಿಗೆ ತೆರೆದಿದೆ ಎಂಬುದಷ್ಟೇ ಅರ್ಥ. ನಮ್ಮ ಕಡೆ ಆ ಹಾದಿ ಹಿಡಿದವರು ನನಗೆ ಸಿಕ್ಕಿದ್ದು ಬಹಳ ಕಡಿಮೆ.

ನಾನು ಕೇಳುವುದು ದೊಡ್ಡದೇನಲ್ಲ. ಪಠ್ಯಕ್ರಮದ ಪಟ್ಟಿಯಲ್ಲಿ ಪ್ರತಿ ಪುಸ್ತಕದ ಮುಂದೆ ಆವೃತ್ತಿ ಮತ್ತು ಬೆಲೆ ಬರಲಿ. ಸೆಮಿಸ್ಟರ್ ಶುರುವಾಗುವ ಮುಂಚೆ ಪ್ರತಿ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಯಾವ ಪುಸ್ತಕ ಆರಿಸಿದೆವು, ಯಾಕೆ ಆರಿಸಿದೆವು, ಹಳೆಯ ಆವೃತ್ತಿ ನಡೆಯುತ್ತದೋ ಇಲ್ಲವೋ, ಗ್ರಂಥಾಲಯದಲ್ಲಿ ಎಷ್ಟು ಪ್ರತಿ ಇವೆ ಎಂದು ಒಂದು ಹಾಳೆ ಅಂಟಿಸಲಿ. ಗೌರವಪ್ರತಿಗಳು ಗ್ರಂಥಾಲಯದ ದಾಖಲೆಗೆ ಹೋಗಲಿ. ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಹಳೆಯ ಪದವಿ ಪುಸ್ತಕಗಳಿಗೆ ಒಂದು ಕಪಾಟು ಸಿಕ್ಕರೆ ಓದು ಮುಗಿಸಿದವರು ತಂದಿಡುತ್ತಾರೆ. ಇದ್ಯಾವುದಕ್ಕೂ ವಿಧಾನಸಭೆ ಸೇರಬೇಕಿಲ್ಲ. ಪಟ್ಟಿಯ ಕೆಲಸ ಅಧ್ಯಯನ ಮಂಡಳಿಯ ಒಂದು ಸಭೆಯಲ್ಲಿ ಮುಗಿಯುತ್ತದೆ, ಉಳಿದದ್ದಕ್ಕೆ ಪ್ರಾಂಶುಪಾಲರ ಒಂದು ಸುತ್ತೋಲೆ, ಪಂಚಾಯಿತಿಯ ಒಂದು ಠರಾವು ಸಾಕು. ಮುಂದಿನ ಸೆಮಿಸ್ಟರಿನ ಪಟ್ಟಿ ವಾಟ್ಸ್‌ಆ್ಯಪ್‌ಗೆ ಬರುವ ಮುಂಚೆ ಆ ಸಭೆ ನಡೆಯಲಿ.